ಲೂಥರನ್ ಪಾಸ್ಟರ್ ಆಗಬೇಕೆ? ಅರ್ಜಿ ಬರೆಯುವ ಮುಂಚೆ ಇದನ್ನು ಓದಿ

ನಾನು ಪಾಸ್ಟರ್ ಅಲ್ಲ, ಆಗಬೇಕೆಂದು ಹೊರಟವನೂ ಅಲ್ಲ. ಹದಿನಾರು ವರ್ಷ ನಮ್ಮ ಚರ್ಚಿನ ಸಭಾ ಸಮಿತಿಯಲ್ಲಿದ್ದೆ. ಅದರಲ್ಲಿ ಒಂಬತ್ತು ವರ್ಷ ಕಾರ್ಯದರ್ಶಿಗಿರಿ. "ನನಗೆ ದೇವರ ಕರೆಯಾಗಿದೆ" ಎಂದು ಶುರುವಾಗುವ ಅರ್ಜಿಗಳು ಮೊದಲು ನನ್ನ ಕೈಗೇ ಬರುತ್ತಿದ್ದವು. ಊರು ಕೆಜಿಎಫ್. ನಮ್ಮಲ್ಲಿ ಆರಾಧನೆ ತಮಿಳಿನಲ್ಲಿ, ಮನೆಮಾತೂ ತಮಿಳು. ಆದರೆ ಈಗಿನ ಹುಡುಗರು ಶಾಲೆಯಲ್ಲಿ ಕಲಿತದ್ದು ಕನ್ನಡ. ಎಷ್ಟೋ ಜನಕ್ಕೆ ತಮಿಳು ಅಕ್ಷರವೇ ಬಾರದು. ಅದಕ್ಕೇ ಇಷ್ಟು ದಿನ ಕೇಳಿದವರಿಗೆಲ್ಲ ಬಾಯಲ್ಲಿ ಹೇಳುತ್ತಿದ್ದುದನ್ನು ಕನ್ನಡದಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ನಿಮ್ಮ ಹೆಸರು ಯಾವ ರಿಜಿಸ್ಟರಿನಲ್ಲಿದೆ ನೋಡಿ

ಲೂಥರನ್ನರೆಂದರೆ ಹದಿನಾರನೆಯ ಶತಮಾನದ ಜರ್ಮನ್ ಧರ್ಮಸುಧಾರಕ ಮಾರ್ಟಿನ್ ಲೂಥರನ ಹಾದಿ ಹಿಡಿದ ಪ್ರಾಟೆಸ್ಟಂಟ್ ಕ್ರೈಸ್ತರು. ಭಾರತದಲ್ಲಿ "ಲೂಥರನ್ ಸಭೆ" ಎಂಬ ಒಂದೇ ಸಂಸ್ಥೆ ಇಲ್ಲ. ತಮಿಳು ಇವ್ಯಾಂಜೆಲಿಕಲ್ ಲೂಥರನ್ ಸಭೆ 1919ರಲ್ಲಿ ಆದದ್ದು, ಬಿಷಪ್ಪರ ಪೀಠ ತಿರುಚ್ಚಿಯಲ್ಲಿ. ಗುಂಟೂರಿನ ಕಡೆಯದು ಆಂಧ್ರ ಇವ್ಯಾಂಜೆಲಿಕಲ್ ಲೂಥರನ್ ಸಭೆ, 1927ರದು. ಅಮೆರಿಕದ ಮಿಸ್ಸೌರಿ ಮಿಷನ್ನಿನಿಂದ ಬೆಳೆದದ್ದು ಇಂಡಿಯಾ ಇವ್ಯಾಂಜೆಲಿಕಲ್ ಲೂಥರನ್ ಸಭೆ. ರಾಂಚಿಯಲ್ಲಿ ಗಾಸ್ನರ್ ಸಭೆ. ಇಂಥ ಹಲವು ಸಭೆಗಳಿಗೆ ಒಂದು ಒಕ್ಕೂಟವಿದೆ, ಅದರ ಕಚೇರಿ ಚೆನ್ನೈಯಲ್ಲಿ. ಕರ್ನಾಟಕದ್ದೇ ಆದ ಲೂಥರನ್ ಸಭೆ ದೊಡ್ಡದಾಗಿ ಬೆಳೆದಿಲ್ಲ. ಬೆಂಗಳೂರು, ಕೆಜಿಎಫ್ ಕಡೆಯ ಸಭೆಗಳು ಹೆಚ್ಚಾಗಿ ನೆರೆರಾಜ್ಯದ ಸಂಸ್ಥೆಗಳಿಗೆ ಸೇರಿದವು.

ಮಂಗಳೂರು, ಧಾರವಾಡದ ಕಡೆಯಿಂದ ಫೋನ್ ಮಾಡಿ, "ನಾವೂ ಜರ್ಮನ್ ಮಿಷನ್‌ನವರೇ ಅಲ್ಲವೆ?" ಎಂದು ಕೇಳುವವರಿದ್ದಾರೆ. ಹೌದು, ಅಲ್ಲ, ಎರಡೂ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನಲ್ಲಿ ಲೂಥರನ್ನರೂ ರಿಫಾರ್ಮ್ಡ್ ಎಂಬ ಇನ್ನೊಂದು ಪ್ರಾಟೆಸ್ಟಂಟ್ ಪಂಥದವರೂ ಒಟ್ಟಿಗೇ ಕೆಲಸ ಮಾಡಿದರು. ಕನ್ನಡದ ಮೊದಲ ಪತ್ರಿಕೆ ತಂದ ಮೋಗ್ಲಿಂಗ್, ನಿಘಂಟಿನ ಕಿಟೆಲ್ ಇಬ್ಬರೂ ಆ ಮಿಷನ್ನಿನವರೇ. ಆದರೆ ಅವರು ಕಟ್ಟಿದ ಸಭೆಗಳು ಮುಂದೆ ಸಿಎಸ್ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಸೇರಿದವು. ಹಾಗಾಗಿ ನಿಮ್ಮ ದೀಕ್ಷಾಸ್ನಾನದ ಸರ್ಟಿಫಿಕೇಟಿನ ಮೇಲೆ ಸಿಎಸ್ಐ ಎಂದಿದ್ದರೆ ನೀವು ಹಿಡಿಯಬೇಕಾದ ಬಾಗಿಲು ಅಲ್ಲಿನ ಬಿಷಪ್ಪರ ಡಯಾಸಿಸ್ ಕಚೇರಿಯದು, ಲೂಥರನ್ ಸಭೆಯದಲ್ಲ. ಮುಂದೆ ಬರೆದಿರುವ ಬಹುಪಾಲು ನಿಮಗೂ ಹೊಂದುತ್ತದೆ, ಓದಿ.

ಹುಡುಗಿಯರು ಇದೇ ಹಂತದಲ್ಲಿ ಇನ್ನೊಂದು ಪ್ರಶ್ನೆ ಕೇಳಿಬಿಡಬೇಕು: ನಮ್ಮ ಸಭೆ ಹೆಂಗಸರಿಗೆ ಗುರುದೀಕ್ಷೆ, ಅಂದರೆ ಪಾಸ್ಟರಾಗುವ ದೀಕ್ಷೆ, ಕೊಡುತ್ತದೆಯೆ? ಕೊಡುವ ಲೂಥರನ್ ಸಭೆಗಳಿವೆ, ಕೊಡದವೂ ಇವೆ. ನಾಲ್ಕೈದು ವರ್ಷ ಓದಿ ಬಂದ ಮೇಲೆ "ನಿಮ್ಮನ್ನು ಸಂಡೆ ಸ್ಕೂಲಿಗೆ ಹಾಕೋಣ" ಎಂದರೆ ಆಗುವ ನೋವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಬಾಯಿಮಾತಿನ ಭರವಸೆ ಬೇಡ. ನಿಯಮಾವಳಿಯ ಪುಸ್ತಕ ತೆಗೆಸಿ ಓದಿ.

ಕರೆ ಎಂದರೆ

1530ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಲೂಥರನ್ನರು ಚಕ್ರವರ್ತಿಯ ಮುಂದೆ ಓದಿದ ವಿಶ್ವಾಸ ಪ್ರಮಾಣದಲ್ಲಿ 14ನೆಯ ಕಲಮು ತೀರ ಚಿಕ್ಕದು. ಕ್ರಮವಾಗಿ ಕರೆ ಹೊಂದದವರು ಯಾರೂ ಸಭೆಯಲ್ಲಿ ಬಹಿರಂಗವಾಗಿ ಬೋಧಿಸಬಾರದು, ದೀಕ್ಷಾಸ್ನಾನದಂಥ ಸಂಸ್ಕಾರಗಳನ್ನು ನಡೆಸಬಾರದು. ಅಷ್ಟೇ. ಆದರೆ ಇಡೀ ದಾರಿ ಈ ಒಂದು ಸಾಲಿನ ಮೇಲೆ ನಿಂತಿದೆ.

ನಿಮ್ಮ ಮನಸ್ಸಿನೊಳಗೆ ಕೇಳಿಸಿದ್ದು ಅರ್ಧ ಕರೆ. ಇನ್ನರ್ಧ ಬೇರೆಯವರ ಬಾಯಿಂದ ಬರಬೇಕು. ಲೂಥರನ್ನರ ಲೆಕ್ಕದಲ್ಲಿ ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರೂ ಯಾಜಕರೇ. ಚಮ್ಮಾರನೂ ದಾದಿಯೂ ದೇವರ ಮುಂದೆ ಪಾಸ್ಟರಿಗಿಂತ ಒಂದು ಮೆಟ್ಟಿಲೂ ಕೆಳಗಿಲ್ಲ. ಹಾಗಿರುವಾಗ ಎಲ್ಲರ ಪರವಾಗಿ ಒಬ್ಬರು ವೇದಿಕೆ ಹತ್ತಬೇಕಾದರೆ ಎಲ್ಲರೂ ಸೇರಿ "ನೀನು ಹತ್ತು" ಎನ್ನಬೇಕು. ತನ್ನಷ್ಟಕ್ಕೆ ತಾನೇ ಹತ್ತಿದವನಿಗೆ ಅಲ್ಲಿ ಜಾಗವಿಲ್ಲ.

ಒಂದು ಸಲ ಒಬ್ಬ ಹುಡುಗ ಸಂದರ್ಶನಕ್ಕೆ ಬಂದ. ಬಿಳಿ ಷರ್ಟು, ಕೈಯಲ್ಲಿ ಜಿಪ್ ಹಾಕಿದ ಬೈಬಲ್. ಕನಸಿನಲ್ಲಿ ಬೆಳಕು ಕಂಡದ್ದು, ಯಾರೋ ತನ್ನ ಹೆಸರು ಹಿಡಿದು ಕೂಗಿದ್ದು, ಎಲ್ಲ ಇಪ್ಪತ್ತು ನಿಮಿಷ ಹೇಳಿದ. ಚೆನ್ನಾಗಿಯೇ ಹೇಳಿದ. ನಮ್ಮ ಸಮಿತಿಯಲ್ಲಿ ಒಬ್ಬ ಅಜ್ಜಿ ಇದ್ದರು, ಗಣಿ ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡಿ ನಿವೃತ್ತರಾದವರು. ಕನಸೆಲ್ಲ ಕೇಳಿ ಮುಗಿಸಿ, "ಸರಿ ತಂಬಿ, ನಿಮ್ಮ ಲೈನಿನ ಕೊನೇ ಮನೆ ತಾತ ಮೂರು ವಾರದಿಂದ ಚರ್ಚಿಗೆ ಬಂದಿಲ್ಲವಲ್ಲ, ಯಾಕಂತೆ?" ಎಂದರು. ಅವನಿಗೆ ಗೊತ್ತಿರಲಿಲ್ಲ. ಆ ತಾತ ಚರ್ಚಿಗೆ ಬರುತ್ತಿದ್ದರು ಎಂಬುದೂ ಗೊತ್ತಿರಲಿಲ್ಲ. ಅರ್ಜಿಯನ್ನು ನಾವು ತಿರಸ್ಕರಿಸಲಿಲ್ಲ, ವರ್ಷ ಬಿಟ್ಟು ಬಾ ಎಂದೆವು. ಬರಲಿಲ್ಲ.

ಮರುವರ್ಷ ಉಲ್ಟಾ ಆಯಿತು. ಅರ್ಜಿಯೇ ಇಲ್ಲ, ಮೂರು ಜನ ಹೆಂಗಸರು ನನ್ನ ಮನೆ ಬಾಗಿಲಿಗೆ ಬಂದು, "ಆ ಹುಡುಗಿಯನ್ನು ಓದಲಿಕ್ಕೆ ಕಳಿಸಿ" ಎಂದರು. ಆಕೆ ಶನಿವಾರ ಶನಿವಾರ ಚರ್ಚಿನ ಹಿಂದಿನ ಕೋಣೆಯಲ್ಲಿ ಕೂತು ವಿಧವಾ ಪಿಂಚಣಿ, ರೇಷನ್ ಕಾರ್ಡಿನ ಫಾರಂ ತುಂಬಿಕೊಡುತ್ತಿದ್ದಳು. ಕರೆಸಿ ಕೇಳಿದರೆ, "ನನಗೆ ಹೆದರಿಕೆ, ಅಂಕಲ್" ಅಂದಳು. ಅವಳು ಒಪ್ಪಲು ಎಂಟು ತಿಂಗಳು ಬೇಕಾಯಿತು. ಈಗ ಅವರು ಇನ್ನೊಂದು ಊರಿನಲ್ಲಿ ಸಭೆ ನೋಡಿಕೊಳ್ಳುತ್ತಾರೆ. ಬಂದರೆ ನಾನೇ ಎದ್ದು ನಿಲ್ಲುತ್ತೇನೆ. ನಮ್ಮ ಕಡೆ ಪಾಸ್ಟರಮ್ಮ ಎಂದರೆ ಪಾಸ್ಟರ ಹೆಂಡತಿ ಎಂದೇ ರೂಢಿ. ಇವರನ್ನು ಏನೆಂದು ಕರೆಯುವುದು ಎಂದು ಆ ಸಭೆಗೆ ಆರು ತಿಂಗಳು ತಿಳಿಯಲಿಲ್ಲವಂತೆ.

ಅರ್ಜಿಗೆ ಮುಂಚಿನ ಎರಡು ವರ್ಷ

ಎರಡು ವರ್ಷ ಎನ್ನುವುದು ನನ್ನ ಲೆಕ್ಕ, ಯಾವ ನಿಯಮದಲ್ಲೂ ಇಲ್ಲ. ಅಷ್ಟರಲ್ಲಿ ಮಾಡಬೇಕಾದ್ದು ಇಷ್ಟು.

ಸಂಡೆ ಸ್ಕೂಲಿನ ಒಂದು ತರಗತಿ ಹಿಡಿಯಿರಿ, ಚಿಕ್ಕ ಮಕ್ಕಳದ್ದೇ ಆಗಲಿ. ಐದು ವರ್ಷದ ಮಗುವಿಗೆ ಅರ್ಥವಾಗುವಂತೆ ಹೇಳಲಾಗದ್ದು ದೊಡ್ಡವರಿಗೂ ನಿಮ್ಮಿಂದ ಅರ್ಥವಾಗುವುದಿಲ್ಲ. ಲೂಥರ್ 1529ರಲ್ಲಿ ಬರೆದ ಚಿಕ್ಕ ಪ್ರಶ್ನೋತ್ತರ ಪುಸ್ತಕವನ್ನು ಕಾನ್ಫರ್ಮೇಶನ್ (ದೀಕ್ಷಾಸ್ನಾನದ ನಂಬಿಕೆಯನ್ನು ದೃಢಪಡಿಸುವ ವಿಧಿ) ಸಮಯದಲ್ಲಿ ಬಾಯಿಪಾಠ ಮಾಡಿ ಮರೆತಿರುತ್ತೀರಿ, ಮತ್ತೆ ತೆಗೆಯಿರಿ. ಮನೆಯಲ್ಲಿ ಮಕ್ಕಳಿಗೆ ಕಲಿಸಲೆಂದೇ ಬರೆದ ಪುಸ್ತಕ ಅದು. ಸಂದರ್ಶನದಲ್ಲಿ ಅದರಿಂದ ಪ್ರಶ್ನೆ ಬಂದೇ ಬರುತ್ತದೆ.

ಸಭೆಯ ಭಾಷೆಯ ಅಕ್ಷರ ಕಲಿಯಿರಿ. ತಮಿಳು ಸಭೆಯಾದರೆ ತಮಿಳು, ತೆಲುಗಾದರೆ ತೆಲುಗು. ಕನ್ನಡ ಲಿಪಿಯಲ್ಲಿ ಬರೆದುಕೊಂಡು ಆರಾಧನಾ ಕ್ರಮ ಓದುವುದು ಒಂದು ಭಾನುವಾರಕ್ಕೆ ಸರಿ, ಆಯುಷ್ಯಕ್ಕಲ್ಲ. ತೆಲುಗು ಲಿಪಿ ಕನ್ನಡಿಗರಿಗೆ ಹದಿನೈದು ದಿನದ ಕೆಲಸ. ತಮಿಳಿಗೆ ಇನ್ನು ಸ್ವಲ್ಪ ಹೆಚ್ಚು.

ಮತ್ತೆ, ಸಾವಿನ ಮನೆಗೆ ಹೋಗಿ. ಪಾಸ್ಟರ್ ಬರುವ ಮುಂಚೆ ಹೋಗಿ, ಅವರು ಹೊರಟ ಮೇಲೂ ಇರಿ. ಶಾಮಿಯಾನ, ಕುರ್ಚಿ, ಐಸ್ ಬಾಕ್ಸು, ಸಮಾಧಿಗುಂಡಿ ತೋಡುವವರಿಗೆ ಫೋನು, ದೂರದಿಂದ ಬರುವ ಮಗನಿಗಾಗಿ ಕಾಯುವುದೋ ಬೇಡವೋ ಎಂಬ ಜಗಳ. ಇದೆಲ್ಲ ನೋಡಿದ ಮೇಲೂ ಪಾಸ್ಟರ್ ಆಗಬೇಕು ಅನ್ನಿಸಿದರೆ ಮುಂದಕ್ಕೆ ಓದಿ.

ಓದು, ಕಾಲೇಜು

ಭಾರತದ ಹೆಚ್ಚಿನ ಪ್ರಾಟೆಸ್ಟಂಟ್ ಸಭೆಗಳು ಒಪ್ಪುವ ಪದವಿ ಬಿ.ಡಿ., ಅಂದರೆ ಬ್ಯಾಚುಲರ್ ಆಫ್ ಡಿವಿನಿಟಿ. ಕೊಡುವುದು ಬಂಗಾಳದ ಸೆರಾಂಪುರದ ಸೆನೆಟ್. ಆ ಊರು ಹಿಂದೆ ಡೆನ್ಮಾರ್ಕಿನ ಕೈಯಲ್ಲಿತ್ತು. 1818ರಲ್ಲಿ ಶುರುವಾದ ಸೆರಾಂಪುರ ಕಾಲೇಜಿಗೆ 1827ರಲ್ಲಿ ಡೆನ್ಮಾರ್ಕಿನ ರಾಜ ಪದವಿ ಕೊಡುವ ಅಧಿಕಾರದ ಸನ್ನದು ಕೊಟ್ಟ. ಇವತ್ತಿಗೂ ನಡೆಯುತ್ತಿರುವುದು ಆ ಸನ್ನದಿನ ಬಲದ ಮೇಲೆ. ಪಿಯುಸಿ ಮುಗಿಸಿ ಸೇರಿದರೆ 5 ವರ್ಷ, ಪದವಿ ಮುಗಿಸಿ ಸೇರಿದರೆ 4.

ಪದವಿ ಮುಗಿಸಿಯೇ ಹೋಗಿ ಎನ್ನುವುದು ನನ್ನ ಅಭಿಪ್ರಾಯ. ಎರಡು ವರ್ಷ ಉಳಿಸುವ ಆಸೆಗೆ ಹದಿನೆಂಟಕ್ಕೇ ಸೇರಿದ ಹುಡುಗರು ಇಪ್ಪತ್ತಮೂರಕ್ಕೆ ಹೊರಬಂದು, ಅರವತ್ತು ದಾಟಿದ ಹಿರಿಯರಿಗೆ ಬುದ್ಧಿ ಹೇಳುವ ಕುರ್ಚಿಯಲ್ಲಿ ಕೂರುತ್ತಾರೆ. ನರ್ಸಿಂಗೋ, ಸಮಾಜಕಾರ್ಯವೋ, ಬಿ.ಎಡ್ಡೋ, ಕೈಯಲ್ಲಿ ಇನ್ನೊಂದು ಕಸುಬು ಇದ್ದರೆ ಹಳ್ಳಿಯ ಸಭೆಗೆ ಹೋದಾಗ ಅದೇ ಕಾಯುತ್ತದೆ.

ಲೂಥರನ್ ವಿದ್ಯಾರ್ಥಿಗಳು ಹೆಚ್ಚಾಗಿ ಹೋಗುವುದು ಚೆನ್ನೈ ಕಿಲ್ಪಾಕ್‌ನ ಗುರುಕುಲ ಲೂಥರನ್ ಥಿಯಲಾಜಿಕಲ್ ಕಾಲೇಜಿಗೆ. ಮಿಸ್ಸೌರಿ ಪರಂಪರೆಯವರಿಗೆ ನಾಗರಕೋಯಿಲ್‌ನ ಕಾನ್ಕಾರ್ಡಿಯಾ ಸೆಮಿನರಿ ಇದೆ. ಬೆಂಗಳೂರಲ್ಲೇ 1910ರಿಂದ ಇರುವ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಬೇರೆ ಬೇರೆ ಸಭೆಗಳವರು ಒಟ್ಟಿಗೆ ಓದುತ್ತಾರೆ. ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಕನ್ನಡ ಸಭೆಗಳಿಗಾಗಿಯೇ ಬೆಳೆದದ್ದು. ಅರ್ಜಿಯ ಜತೆಗೆ ದೀಕ್ಷಾಸ್ನಾನ, ಕಾನ್ಫರ್ಮೇಶನ್ ದಾಖಲೆ, ಅಂಕಪಟ್ಟಿ, ವೈದ್ಯಕೀಯ ಪತ್ರ ಕೇಳುತ್ತಾರೆ. ಎಲ್ಲಕ್ಕಿಂತ ಮುಖ್ಯ ನಿಮ್ಮ ಸಭೆಯ ಶಿಫಾರಸು ಪತ್ರ. ಸಭೆಯೇ ಕಳಿಸಿದರೆ ಫೀಸಿನ ಭಾರ ಹಗುರ, ಓದಿ ಬಂದ ಮೇಲೆ ಕೆಲಸಕ್ಕೂ ದಾರಿ. ಸ್ವಂತ ದುಡ್ಡಿನಲ್ಲಿ ಓದಿದವರನ್ನು ಸಭೆ ತೆಗೆದುಕೊಳ್ಳಲೇಬೇಕು ಎಂದೇನೂ ಇಲ್ಲ, ಇದು ನೆನಪಿರಲಿ.

ಒಳಗೆ ಕಲಿಯುವುದು ಬೈಬಲ್ ಒಂದೇ ಅಲ್ಲ. ಹೀಬ್ರೂ, ಗ್ರೀಕ್ ಅಕ್ಷರದಿಂದ ಹಿಡಿದು ಸಭೆಯ ಚರಿತ್ರೆ, ಬೇರೆ ಧರ್ಮಗಳು, ಸಮಾಜ ವಿಶ್ಲೇಷಣೆ, ಪ್ರಸಂಗ (ಆರಾಧನೆಯಲ್ಲಿ ಮಾಡುವ ಉಪದೇಶ) ಮಾಡುವ ಕಲೆ, ಆಪ್ತಸಮಾಲೋಚನೆ ಎಲ್ಲ ಇರುತ್ತದೆ. ಊರಲ್ಲಿ ಕೇಳಿದ್ದೆಲ್ಲ ಮೊದಲ ವರ್ಷದಲ್ಲೇ ಅಲುಗಾಡುತ್ತದೆ. ಮನೆಗೆ ಫೋನ್ ಮಾಡಿ ಅಳುವ ಹುಡುಗರಿದ್ದಾರೆ. ಅಳಲಿ, ತಪ್ಪೇನಿಲ್ಲ. ದಲಿತರ ಬದುಕಿನ ಕಡೆಯಿಂದ ಕ್ರೈಸ್ತ ನಂಬಿಕೆಯನ್ನು ನೋಡುವ ದಲಿತ ದೈವಶಾಸ್ತ್ರವನ್ನೂ ಅಲ್ಲೇ ಎದುರಾಗುತ್ತೀರಿ. ಅರವಿಂದ ನಿರ್ಮಲ್ 1981ರಲ್ಲಿ ಬೆಂಗಳೂರಿನ ಅದೇ ಯುನೈಟೆಡ್ ಕಾಲೇಜಿನಲ್ಲಿ ಮಾಡಿದ ಭಾಷಣದಿಂದ ಹೊತ್ತಿಕೊಂಡ ಚರ್ಚೆ ಅದು. ಮುಂದೆ ಅವರು ಕಲಿಸಿದ್ದು ಗುರುಕುಲದಲ್ಲಿ. ಸಭೆಯೊಳಗೆ ಜಾತಿ ಇಲ್ಲ ಎಂದು ನಂಬಿ ಹೋದವರಿಗೆ ಸಮಾಧಿ ಜಾಗದ ಜಗಳ, ಮದುವೆ ಸಂಬಂಧ ಹುಡುಕುವ ರೀತಿ ಎಲ್ಲ ಹೊಸದಾಗಿ ಕಾಣತೊಡಗುತ್ತದೆ.

ಒಂದು ಎಚ್ಚರಿಕೆ: ಆರು ತಿಂಗಳಲ್ಲಿ ಬಿ.ಡಿ., ದುಡ್ಡು ಕೊಟ್ಟರೆ ಡಾಕ್ಟರೇಟು ಎಂಬ ಜಾಹೀರಾತು ಮೊಬೈಲಿಗೆ ಬರುತ್ತವೆ. ನಿಮ್ಮ ಸಭೆಯ ಕಚೇರಿಗೆ ಒಂದು ಫೋನ್ ಮಾಡಿ ಕೇಳಿ, ಸಾಕು.

ವಾರ್ಡಿನಲ್ಲಿ ಕಲಿಯುವುದು

ಕಾಲೇಜಿನ ರಜೆಯಲ್ಲಿ ಸಾಧ್ಯವಾದರೆ ಆಸ್ಪತ್ರೆಯಲ್ಲಿ ತರಬೇತಿ ಪಡೆಯಿರಿ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ (ಸಿಎಂಸಿ) ಆಸ್ಪತ್ರೆಯಲ್ಲಿ ರೋಗಿಗಳ ಆತ್ಮಿಕ ಆರೈಕೆಗೆಂದೇ ವಿಭಾಗವಿದೆ, ಪಾಸ್ಟರುಗಳಿಗೆ ತರಬೇತಿಯೂ ಕೊಡುತ್ತಾರೆ. ಹೋಗಿ ಬಂದವರನ್ನು ನಾನು ಒಂದೇ ನೋಟಕ್ಕೆ ಗುರುತಿಸುತ್ತೇನೆ. ಅವರು ಮಂಚದ ಪಕ್ಕ ನಿಲ್ಲುವುದಿಲ್ಲ, ಸ್ಟೂಲ್ ಎಳೆದುಕೊಂಡು ಕೂರುತ್ತಾರೆ. ಮಲಗಿದವರು ಕತ್ತೆತ್ತಿ ನೋಡಬೇಕಾಗಬಾರದು. ಏನು ಕಾಯಿಲೆ ಎಂದು ಕೇಳುವುದಿಲ್ಲ. "ರಾತ್ರಿ ನಿದ್ದೆ ಬಂತೆ?" ಎನ್ನುತ್ತಾರೆ. ಪ್ರಾರ್ಥನೆ ಮಾಡಲೇ ಎಂದು ಕೇಳಿ, ಬೇಡ ಎಂದರೆ ಬೇಜಾರಿಲ್ಲದೆ ಇನ್ನೈದು ನಿಮಿಷ ಕೂತು ಏಳುತ್ತಾರೆ. ಪಕ್ಕದ ಮಂಚದ ರೋಗಿ ಯಾವ ಧರ್ಮದವನೇ ಆಗಲಿ, ಹೊರಡುವಾಗ ಅವನನ್ನೂ ಮಾತಾಡಿಸುತ್ತಾರೆ. ಅಲ್ಲಿ ಪ್ರಸಂಗ ಮಾಡುವುದಿಲ್ಲ.

ಸೇವೆಯೆಂದರೆ ಲೂಥರನ್ನರಿಗೆ ಪುಣ್ಯದ ಖಾತೆಯೂ ಅಲ್ಲ, ಜನರನ್ನು ಒಳಗೆ ಸೆಳೆಯುವ ಗಾಳವೂ ಅಲ್ಲ. ರಕ್ಷಣೆ ದೇವರ ಕೃಪೆಯಿಂದ ಬಿಟ್ಟಿಯಾಗಿ ಸಿಕ್ಕಿದೆ ಎಂದು ನಂಬಿದ ಮೇಲೆ ನಮ್ಮ ಕೈ ನೆರೆಯವರಿಗಾಗಿ ಖಾಲಿ ಇರುತ್ತದೆ. 1527ರಲ್ಲಿ ವಿಟ್ಟೆನ್‌ಬರ್ಗಿಗೆ ಪ್ಲೇಗು ಬಂದಾಗ ಲೂಥರ್ ಊರು ಬಿಡದೆ ರೋಗಿಗಳನ್ನು ನೋಡಿಕೊಂಡದ್ದು ಇದೇ ನಂಬಿಕೆಯಿಂದ. 1706ರಲ್ಲಿ ತಮಿಳುನಾಡಿನ ಕರಾವಳಿಯ ತರಂಗಂಬಾಡಿಗೆ ಬಂದಿಳಿದ ಲೂಥರನ್ ಮಿಷನರಿ ಝೀಗನ್‌ಬಾಲ್ಗ್ ಓದಿದ್ದು ಜರ್ಮನಿಯ ಹಾಲೆಯಲ್ಲಿ, ಅನಾಥಾಲಯ ಮತ್ತು ಶಾಲೆಗಳಿಗೆ ಹೆಸರಾದ ಊರಿನಲ್ಲಿ. ಬಂದ ಮೇಲೆ ತಮಿಳು ಕಲಿತು ಶಾಲೆ ತೆರೆದ. ಗುಂಟೂರಿಗೆ 1883ರಲ್ಲಿ ಬಂದ ವೈದ್ಯೆ ಆನಾ ಕುಗ್ಲರ್ ಕಟ್ಟಿಸಿದ ಆಸ್ಪತ್ರೆ 1898ರಲ್ಲಿ ಬಾಗಿಲು ತೆರೆಯಿತು. ಆಕೆ ಪಾಸ್ಟರ್ ಆಗಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ನಿಮ್ಮ ಕರೆ ಅಂಥದೇ ಆಗಿರಬಹುದು.

ಪ್ರೊಬೇಷನ್, ಗುರುದೀಕ್ಷೆ

ಓದು ಮುಗಿದ ಕೂಡಲೇ ಗುರುದೀಕ್ಷೆ ಆಗುವುದಿಲ್ಲ. ಸಾಮಾನ್ಯವಾಗಿ ಹಿರಿಯ ಪಾಸ್ಟರೊಬ್ಬರ ಕೈಕೆಳಗೆ ಪ್ರೊಬೇಷನ್. ಪ್ರಸಂಗ ಮಾಡಬಹುದು, ಮನೆ ಭೇಟಿಗೆ ಹೋಗಬಹುದು. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನ ನಡೆಸುವಂತಿಲ್ಲ. ಹುಡುಗರಿಗೆ ಇದು ಉದ್ದ ಎನ್ನಿಸುತ್ತದೆ. 1733ರಲ್ಲಿ ತರಂಗಂಬಾಡಿಯಲ್ಲಿ ದೀಕ್ಷೆ ಪಡೆದ ಆರನ್, ಭಾರತೀಯರಲ್ಲಿ ಮೊದಲ ಪ್ರಾಟೆಸ್ಟಂಟ್ ಪಾಸ್ಟರ್, ಅದಕ್ಕೆ ಮುಂಚೆ ವರ್ಷಗಟ್ಟಲೆ ಉಪದೇಶಿಯಾಗಿ ಹಳ್ಳಿ ತಿರುಗಿದ್ದರು.

ದೀಕ್ಷೆಯ ದಿನ ಹಿರಿಯ ಗುರುಗಳು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ, ಸಭೆ ಒಪ್ಪಿಗೆ ಹೇಳುತ್ತದೆ. ಆಮೇಲೆ ಬಿರಿಯಾನಿ ಊಟ. ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಫೋಟೊಗಳಲ್ಲಿ ಎಲ್ಲರೂ ನೋಡಿರುತ್ತೀರಿ.

ಮೊದಲ ಸಭೆ: ಕಾಗದ ಪತ್ರ

ಕಾಲೇಜಿನಲ್ಲಿ ಸರಿಯಾಗಿ ಹೇಳಿಕೊಡದೆ ಹೊಸ ಪಾಸ್ಟರುಗಳು ಎಡವುವುದು ಇಲ್ಲೇ.

ಮದುವೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಇನ್ನೂ ಜಾರಿಯಲ್ಲಿದೆ. ಗುರುದೀಕ್ಷೆ ಆದ ಮಾತ್ರಕ್ಕೆ ಎಲ್ಲ ಸಭೆಗಳ ಪಾಸ್ಟರಿಗೂ ಮದುವೆ ಮಾಡಿಸುವ ಅಧಿಕಾರ ಬರುವುದಿಲ್ಲ. ಬಿಷಪ್ಪರಿಂದ ದೀಕ್ಷೆ ಪಡೆಯದವರು ರಾಜ್ಯ ಸರ್ಕಾರದ ಲೈಸೆನ್ಸ್ ತೆಗೆದುಕೊಳ್ಳಬೇಕು. ಲೂಥರನ್ ಸಭೆಗಳಲ್ಲಿ ಕೆಲವಕ್ಕೆ ಬಿಷಪ್ಪರಿದ್ದಾರೆ, ಕೆಲವಕ್ಕೆ ಅಧ್ಯಕ್ಷರು. ಆದ್ದರಿಂದ ನಿಮ್ಮದು ಯಾವ ಲೆಕ್ಕಕ್ಕೆ ಬರುತ್ತದೆಂದು ಕಚೇರಿಯಿಂದ ಲಿಖಿತವಾಗಿ ಪಡೆಯಿರಿ. ಅಧಿಕಾರವಿಲ್ಲದೆ ಮದುವೆ ಮಾಡಿಸಿದರೆ ಹತ್ತು ವರ್ಷದವರೆಗೆ ಜೈಲು ಎಂದು ಕಾಯ್ದೆ ಹೇಳುತ್ತದೆ. ಲೈಸೆನ್ಸಿನ ಮೇಲೆ ನಡೆಸುವ ಮದುವೆಗೆ ಮುಂಚೆ ನೋಟಿಸ್ ಅಂಟಿಸಬೇಕು, ಮದುವೆ ಬೆಳಿಗ್ಗೆ 6ರಿಂದ ಸಂಜೆ 7ರೊಳಗೆ ಆಗಬೇಕು. ನಮ್ಮ ಹುಡುಗರು ಸ್ವರ್ಣ ರೈಲಿನಲ್ಲಿ ನಸುಕಿಗೇ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸು ಬರುವವರು. "ಎಂಟು ಗಂಟೆಗೆ ಇಟ್ಟುಕೊಳ್ಳೋಣ, ಅಯ್ಯರೇ" ಎಂದು ಕೇಳಿಯೇ ಕೇಳುತ್ತಾರೆ. ತಮಿಳು ಸಭೆಗಳಲ್ಲಿ ಪಾಸ್ಟರನ್ನು ಅಯ್ಯರ್ ಎನ್ನುವುದು ಹಳೆಯ ವಾಡಿಕೆ, ಗಾಬರಿಯಾಗಬೇಡಿ. ಎಂಟು ಗಂಟೆಗೆ ಊಟ ಇಟ್ಟುಕೊಳ್ಳಲಿ, ಮದುವೆ ಬೇಡ.

ದುಡ್ಡು. ಜರ್ಮನಿಯಿಂದಲೋ ಸ್ವೀಡನ್ನಿನಿಂದಲೋ ಬಂದ ಅತಿಥಿ ನಿಮ್ಮ ಟ್ಯೂಷನ್ ತರಗತಿ ನೋಡಿ ಖುಷಿಯಾಗಿ, "ನಿಮ್ಮ ಅಕೌಂಟ್ ನಂಬರ್ ಕೊಡಿ" ಎನ್ನುತ್ತಾರೆ. ಕೊಡಬೇಡಿ. ಸಭೆಯ ಕೆಲಸಕ್ಕೆ ವಿದೇಶಿ ದೇಣಿಗೆ ಬರಬೇಕಾದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿಯೋ ಮುಂಗಡ ಅನುಮತಿಯೋ ಇರಬೇಕು. 2020ರ ತಿದ್ದುಪಡಿಯ ನಂತರ ಆ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ತೆರೆದ ಖಾತೆಗೇ ಮೊದಲು ಬರಬೇಕು. ಸಭೆಯ ಕೇಂದ್ರ ಕಚೇರಿಗೆ ಪತ್ರ ಬರೆಸಿ. ತಡವಾಗುತ್ತದೆ, ಆಗಲಿ. ಊರಿನ ಕಾಣಿಕೆಗೂ ಅಷ್ಟೇ: ಎಣಿಸುವಾಗ ಇಬ್ಬರಿರಲಿ, ಆ ಇಬ್ಬರಲ್ಲಿ ನೀವಿರಬೇಡಿ.

ಜಾತಿ ಪ್ರಮಾಣಪತ್ರ. ಇದು ಪಾಸ್ಟರ ಮನೆ ಬಾಗಿಲಿಗೆ ಜೂನ್ ತಿಂಗಳಲ್ಲಿ ಬರುವ ಸಂಕಟ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಮಾನ್ಯತೆ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು, ಕ್ರೈಸ್ತರು ಸೇರಲಿಲ್ಲ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಬಂದ ಕ್ರೈಸ್ತರಿಗೆ ಪ್ರವರ್ಗ 1 ಇದೆ. ಎಷ್ಟೋ ಮನೆಗಳಿಗೆ ಇದು ಗೊತ್ತೇ ಇಲ್ಲ. ಸಭೆಯ ಪತ್ರ ಕೊಡುವಾಗ ಸುಳ್ಳು ಬರೆಯಬೇಡಿ. ತಾಲ್ಲೂಕು ಕಚೇರಿಗೆ ಜತೆಯಲ್ಲಿ ಹೋಗಿ. ಆ ಒಂದು ಬೆಳಿಗ್ಗೆ ಸಾಲಿನಲ್ಲಿ ನಿಂತದ್ದನ್ನು ಆ ಮನೆಯವರು ನಿಮ್ಮ ನೂರು ಪ್ರಸಂಗಕ್ಕಿಂತ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ.

ಸೇವಾಕಾರ್ಯ ಯಾವುದು ಶುರು ಮಾಡಲಿ ಎಂದು ಹೊಸಬರು ಕೇಳುತ್ತಾರೆ. ಮೊದಲ ಆರು ತಿಂಗಳು ಏನೂ ಶುರು ಮಾಡಬೇಡಿ. ನಮ್ಮೂರಿಗೆ ಬಂದ ಒಬ್ಬರು ಬಂದ ತಿಂಗಳಲ್ಲೇ ಹೊಲಿಗೆ ತರಬೇತಿ ತೆರೆದರು. ಎಂಟು ಮಿಷನ್ನು ಈಗಲೂ ಟಾರ್ಪಾಲಿನ ಕೆಳಗಿವೆ. ಅವರ ನಂತರ ಬಂದವರು ಆರು ತಿಂಗಳು ಬರೀ ಮನೆಗಳಿಗೆ ನಡೆದರು, ಅದೂ ರಾತ್ರಿ ಒಂಬತ್ತರ ನಂತರ, ರೈಲು ಬಂದ ಮೇಲೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಊರಿದು. ಹಗಲು ಮನೆಯಲ್ಲಿರುವುದು ವಯಸ್ಸಾದವರು ಮತ್ತು ಮಕ್ಕಳು ಮಾತ್ರ. ಮಕ್ಕಳು ಶಾಲೆ ಬಿಟ್ಟ ಮೇಲೆ ಅಪ್ಪ ಅಮ್ಮ ಬರುವವರೆಗಿನ ನಾಲ್ಕೈದು ಗಂಟೆಯೇ ದೊಡ್ಡ ಸಮಸ್ಯೆ ಎಂದು ಅವರಿಗೆ ಹಾಗೆ ತಿಳಿಯಿತು. ಚರ್ಚಿನ ಹಾಲ್ ತೆರೆದಿಟ್ಟರು. ಜಮಖಾನ, ಲೈಟು, ಒಬ್ಬ ನಿವೃತ್ತ ಟೀಚರು. ಖರ್ಚು ಕರೆಂಟ್ ಬಿಲ್ಲಿನಷ್ಟೇ. ಬರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಸಭೆಯವರಲ್ಲ.

ಸಂಬಳ, ಮನೆ

ಸಂಬಳ ಕಡಿಮೆ. ಸಭೆ ಕೊಡುವ ಮನೆ ಸೋರಬಹುದು. ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ, ಮಕ್ಕಳ ಶಾಲೆ ಬದಲು. ಮದುವೆಗೆ ಮುಂಚೆ ಇದನ್ನೆಲ್ಲ ಹುಡುಗಿಗೋ ಹುಡುಗನಿಗೋ ಬಿಡಿಸಿ ಹೇಳಿ. ವಾರಕ್ಕೊಂದು ದಿನ ರಜೆ ತೆಗೆದುಕೊಳ್ಳಿ, ಯಾವ ದಿನ ಎಂದು ಸಭೆಗೆ ಹೇಳಿಬಿಡಿ. ಸೋಮವಾರ ಒಳ್ಳೆಯದು.

ಇಷ್ಟಾದ ಮೇಲೂ ಮನಸ್ಸಿದ್ದರೆ ಅರ್ಜಿ ಬರೆಯಿರಿ, ಒಂದೇ ಪುಟ, ನಿಮ್ಮ ಕೈಬರಹದಲ್ಲಿ. ಕನಸು ಕಂಡಿದ್ದರೆ ಒಂದು ಸಾಲು ಸಾಕು. ಉಳಿದದ್ದರಲ್ಲಿ, ನಿಮ್ಮನ್ನು ಬಲ್ಲ ಮೂವರ ಹೆಸರು ಬರೆಯಿರಿ. ಅವರಲ್ಲಿ ಒಬ್ಬರಾದರೂ ನಿಮ್ಮ ಬಂಧುವಲ್ಲದ, ಅರವತ್ತು ದಾಟಿದ ಹೆಂಗಸಾಗಿರಲಿ. ಕಾರ್ಯದರ್ಶಿಯ ಕೈಗೆ ಭಾನುವಾರ ಆರಾಧನೆ ಮುಗಿದ ಮೇಲೆ ಮಾತ್ರ ಕೊಡಬೇಡಿ. ಆಗ ಅವರು ಕಾಣಿಕೆ ಎಣಿಸುತ್ತಿರುತ್ತಾರೆ, ನಿಮ್ಮ ಕಾಗದ ಬಿಲ್ಲುಗಳ ನಡುವೆ ಸೇರಿಹೋಗುತ್ತದೆ. ಮಂಗಳವಾರ ಸಂಜೆ ಮನೆಗೆ ಹೋಗಿ ಕೊಡಿ.